ನ್ಯಾಸಾಪಹಾರ ಮತ್ತು ಕಪ್ಪತಗುಡ್ಡ

ತತ್ತ್ವಾರ್ಥಸೂತ್ರವು ಸತ್ಯಾಣುವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ನ್ಯಾಸಾಪಹಾರವೂ ಒಂದು. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ಸೂಕ್ಷ್ಮವಾಗಿ ವಿವರಿಸಿದ್ದಾರೆ: ದ್ರವ್ಯವನ್ನು ನಂಬಿ ಇಟ್ಟವನು ಲೆಕ್ಕ ಮರೆತು ಕಡಿಮೆ ಕೇಳಿದಾಗ, ಇರಿಸಿಕೊಂಡವನು ಅಷ್ಟೇ ಸರಿಯೆಂದು ಒಪ್ಪಿಬಿಡುವುದೇ ಆ ದೋಷ. ಬಸದಿಗಳ ದತ್ತಿಗೂ ಈ ನೀತಿಯೇ ಆಧಾರ. ಲಕ್ಷ್ಮೇಶ್ವರದ ಶಂಖಬಸದಿಗೆ ಬಂದ ಭೂದಾನಗಳನ್ನು ಹಿರಿಯರು ಕಲ್ಲಿನ ಮೇಲೆ ಬರೆಯಿಸಿದ್ದರಿಂದ ಆ ಲೆಕ್ಕ ಇಂದಿಗೂ ಉಳಿದಿದೆ.

ಅಡವಿ, ಹೊಳೆ, ಗುಡ್ಡಗಳಿಗೆ ಸರಕಾರವು ಒಡೆಯನಲ್ಲ, ಪ್ರಜೆಗಳ ಪರವಾಗಿ ಕಾಯುವ ಧರ್ಮದರ್ಶಿ ಎಂಬ ತತ್ತ್ವವನ್ನು ಸರ್ವೋಚ್ಚ ನ್ಯಾಯಾಲಯವು 1996ರ ಡಿಸೆಂಬರ್ 13ರಂದು ಸಾರಿತು. ಹಿಮಾಚಲ ಪ್ರದೇಶದಲ್ಲಿ ಬಿಯಾಸ್ ನದಿಯ ದಂಡೆಯ ಅರಣ್ಯಭೂಮಿಯನ್ನು ಪ್ರವಾಸಿಗರ ವಸತಿಗೃಹವೊಂದಕ್ಕೆ ಕೊಟ್ಟ ಗುತ್ತಿಗೆ ಅಂದು ರದ್ದಾಯಿತು.

ಗದಗ ಸೇರಿದ್ದ ಅಖಂಡ ಧಾರವಾಡ ಜಿಲ್ಲೆಯಲ್ಲಿ ಇದೇ ಪ್ರಶ್ನೆ ಅದಕ್ಕೂ ಮೊದಲೇ ಎದ್ದಿತ್ತು. ಸರಕಾರವೂ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯೂ ಕೂಡಿ 1984ರಲ್ಲಿ ಸ್ಥಾಪಿಸಿದ ಕರ್ನಾಟಕ ಪಲ್ಪ್‌ವುಡ್ ಸಂಸ್ಥೆಗೆ ನಾಲ್ಕು ಜಿಲ್ಲೆಗಳ ಸುಮಾರು 75,000 ಎಕರೆ ಭೂಮಿ, ನೀಲಗಿರಿ ಬೆಳೆಸಲೆಂದು, ಗೊತ್ತಾಯಿತು. ಅದು ಹಳ್ಳಿಗರ ದನಕರುಗಳಿಗೆ ಮೇವು, ಒಲೆಗೆ ಉರುವಲು ಕೊಡುತ್ತಿದ್ದ ನೆಲ. ಸಮಾಜ ಪರಿವರ್ತನ ಸಮುದಾಯ ಹಾಗೂ ಡಾ. ಶಿವರಾಮ ಕಾರಂತರು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. 1987ರಲ್ಲಿ ತಡೆಯಾಜ್ಞೆ ದೊರೆಯಿತು. ಅದೇ ವರ್ಷ ನವೆಂಬರ್ 14ರಂದು ಕುಸನೂರಿನಲ್ಲಿ ಜನರು ನೀಲಗಿರಿ ಸಸಿಗಳನ್ನು ಕಿತ್ತು, ಉಪಯುಕ್ತ ಸಸಿಗಳನ್ನು ಹಚ್ಚಿದರು. 1991ರಲ್ಲಿ ಸಂಸ್ಥೆ ಮುಚ್ಚಿತು.

ಗದಗ, ಮುಂಡರಗಿ, ಶಿರಹಟ್ಟಿ ತಾಲೂಕುಗಳಲ್ಲಿ ಹಬ್ಬಿರುವ ಕಪ್ಪತಗುಡ್ಡದ ಕಥೆಯೂ ಇಂಥದೇ. ಮೇಲೆ ಔಷಧಿ ಸಸ್ಯಗಳು, ಒಡಲಲ್ಲಿ ಬಂಗಾರದ ಅದಿರು. 2015ರ ಡಿಸೆಂಬರಿನಲ್ಲಿ ಅದು ಸಂರಕ್ಷಿತ ಪ್ರದೇಶವೆಂದು ಘೋಷಿತವಾಯಿತು; 2016ರ ನವೆಂಬರಿನಲ್ಲಿ ಆ ಘೋಷಣೆ ಹಿಂತೆಗೆಯಲ್ಪಟ್ಟಿತು. ಒಂದು ಅಧಿಸೂಚನೆ ಕೊಟ್ಟದ್ದನ್ನು ಇನ್ನೊಂದು ಕಸಿದುಕೊಂಡಿತು. 2017ರ ಫೆಬ್ರುವರಿಯಲ್ಲಿ ತೋಂಟದಾರ್ಯಮಠದ ಡಾ. ಸಿದ್ಧಲಿಂಗ ಸ್ವಾಮಿಗಳ ನೇತೃತ್ವದಲ್ಲಿ ಗದಗಿನಲ್ಲಿ ಜನರು ಧರಣಿ ಕುಳಿತರು. ಏಪ್ರಿಲಿನಲ್ಲಿ ಸಂರಕ್ಷಣೆ ಮರಳಿತು. 2019ರ ಮೇ ತಿಂಗಳಲ್ಲಿ 244.15 ಚದರ ಕಿಲೋಮೀಟರ್ ಪ್ರದೇಶ ವನ್ಯಜೀವಿಧಾಮವಾಯಿತು. ಅದನ್ನು ಕಾಣಲು ಸ್ವಾಮಿಗಳು ಇರಲಿಲ್ಲ; 2018ರಲ್ಲಿಯೇ ಅವರು ಲಿಂಗೈಕ್ಯರಾಗಿದ್ದರು.

ವನ್ಯಜೀವಿಧಾಮಗಳ ಒಳಗೂ ಗಡಿಯಿಂದ ಒಂದು ಕಿಲೋಮೀಟರಿನ ವರೆಗೂ ಗಣಿಗಾರಿಕೆ ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯವು 2023ರ ಏಪ್ರಿಲ್ 26ರಂದು ವಿಧಿಸಿತು. ಆದರೆ ಈ ರಕ್ಷೆ ಕಪ್ಪತಗುಡ್ಡಕ್ಕೆ ಸಲ್ಲುವಂತಾದದ್ದು ಜನರು ಮೊದಲು ಎಚ್ಚೆತ್ತು ಅದನ್ನು ಉಳಿಸಿಕೊಂಡದ್ದರಿಂದ.

ಗಣಿಯಿಂದ ಕೆಲವರಿಗೆ ಉದ್ಯೋಗ ದೊರೆಯುವುದು ನಿಜ. ಆದರೆ ಮೂಲಧನವನ್ನೇ ಕರಗಿಸಿ ಲಾಭವೆಂದು ಜಮಾ ಮಾಡುವುದನ್ನು ಪ್ರಾಮಾಣಿಕ ವ್ಯಾಪಾರಿ ಒಪ್ಪನು. ಧರ್ಮದರ್ಶಿ ತಪ್ಪಿದರೆ ಕೇಳಲು ನ್ಯಾಯಾಲಯವಿದೆ. ಇಟ್ಟವರೇ ಲೆಕ್ಕ ಮರೆತರೆ ಕೇಳುವವರಾರು? ಬಸದಿಯ ದತ್ತಿಯ ಲೆಕ್ಕವನ್ನು ವರ್ಷವರ್ಷವೂ ಓದಿಸುವ ಶ್ರಾವಕರು ಗುಡ್ಡದ ಲೆಕ್ಕವನ್ನೂ ಮಕ್ಕಳಿಗೆ ಹೇಳಿಕೊಡುವುದು ಉಚಿತ.