60 ಅಂದ್ರೆ ಕಮ್ಮೀನಾ? ಹಳೇ ಕಾರಿನ ಕಂಪ್ರೆಷನ್ ಹೇಳೋ ಚರಿತ್ರೆ

ಅಹಮದಾಬಾದಿನಲ್ಲಿ ಕೆಲಸಕ್ಕಿರೋ ನಮ್ಮವರು ಒಂದು ಭಾನುವಾರ ಕಠವಾಡಾ ಕಡೆ ಹೋಗಿ ಬನ್ನಿ. ಅಲ್ಲಿ ದಾಸ್ತಾನ್ ಎಸ್ಟೇಟ್‌ನಲ್ಲಿ ಆಟೋ ವರ್ಲ್ಡ್ ಅನ್ನೋ ವಿಂಟೇಜ್ ಕಾರ್ ಮ್ಯೂಸಿಯಂ ಇದೆ. ಉದ್ಯಮಿ ಪ್ರಾಣಲಾಲ್ ಭೋಗಿಲಾಲ್ ಅವರು ಕೂಡಿಸಿದ ನೂರಕ್ಕೂ ಹೆಚ್ಚು ಕಾರು: ರೋಲ್ಸ್ ರಾಯ್ಸ್, ಬೆಂಟ್ಲಿ, ಪ್ಯಾಕಾರ್ಡ್, ಸಂಸ್ಥಾನಗಳ ರಾಜರು ಓಡಾಡಿದ ಗಾಡಿಗಳು. ಧರ್ಮಸ್ಥಳದ ಮಂಜೂಷಾ ನೋಡಿದವರಿಗೆ ಈ ರುಚಿ ಗೊತ್ತಿರುತ್ತೆ. ಅಲ್ಲಿ ಎಲ್ಲರ ಕಣ್ಣೂ ಹೊರಗಿನ ಹೊಳಪಿನ ಮೇಲೆ. ನಾನು ಇವತ್ತು ಮಾತಾಡೋದು ಬಾನೆಟ್ ಒಳಗಿನ ಒಂದು ಸಂಖ್ಯೆ ಬಗ್ಗೆ.

ಸಿಲಿಂಡರ್ ಒಳಗೆ ಪಿಸ್ಟನ್ ಗಾಳಿಯನ್ನ ಎಷ್ಟು ಒತ್ತಿ ಹಿಡಿಯುತ್ತೆ ಅನ್ನೋದೇ ಕಂಪ್ರೆಷನ್. ಇವತ್ತಿನ ಪೆಟ್ರೋಲ್ ಕಾರಿಗೆ ಗೇಜ್ ಹಾಕಿದ್ರೆ 150 ಪಿಎಸ್ಐ ದಾಟುತ್ತೆ. ಅದೇ ಗೇಜನ್ನ ಫೋರ್ಡ್ ಮಾಡೆಲ್ ಟಿ ಗೆ ಹಾಕಿ, 50-60 ತೋರಿಸುತ್ತೆ. ಹೊಸ ಕಾರಷ್ಟೇ ನೋಡಿದವರು "ಎಂಜಿನ್ ಹೋಗಿದೆ ಸಾರ್, ಬೋರ್ ಮಾಡಿಸಿ" ಅಂದುಬಿಡ್ತಾರೆ. ಆದರೆ ಅದು ಆರೋಗ್ಯವಾಗಿರೋ ಎಂಜಿನ್ನೇ ಇರಬಹುದು!

ಯಾಕೆ ಹೀಗೆ? 1908ರಲ್ಲಿ ಬಂದ ಮಾಡೆಲ್ ಟಿ ಯ ಕಂಪ್ರೆಷನ್ ಅನುಪಾತ ಸುಮಾರು 4:1. ಆಗಿನ ಪೆಟ್ರೋಲನ್ನ ಅದಕ್ಕಿಂತ ತುಂಬಾ ಜಾಸ್ತಿ ಒತ್ತಿದರೆ ಎಂಜಿನ್ 'ಟಕ ಟಕ' ಅಂತ ಬಡಕೊಳ್ತಿತ್ತು. ಇದಕ್ಕೇ ನಾಕಿಂಗ್ ಅಂತಾರೆ. ಕೈಯಲ್ಲಿ ಹ್ಯಾಂಡಲ್ ತಿರುಗಿಸಿ ಸ್ಟಾರ್ಟ್ ಮಾಡೋರಿಗೂ ಕಡಿಮೆ ಒತ್ತಡವೇ ಅನುಕೂಲ. 1912ರ ಕ್ಯಾಡಿಲಾಕ್‌ಗೆ ಚಾರ್ಲ್ಸ್ ಕೆಟರಿಂಗ್ ಸೆಲ್ಫ್ ಸ್ಟಾರ್ಟರ್ ಕೊಟ್ಟ. ನಾಕಿಂಗ್‌ಗೆ ಇವನ ಬ್ಯಾಟರಿ ಇಗ್ನಿಷನ್ನೇ ಕಾರಣ ಅನ್ನೋ ಅಪವಾದವೂ ಬಂತು. ನಿಜವಾದ ಕಾರಣ ಹುಡುಕೋ ಕೆಲಸಕ್ಕೆ ಥಾಮಸ್ ಮಿಜ್ಲೆಯನ್ನ ಹಚ್ಚಿದ. 1921ರಲ್ಲಿ ಮಿಜ್ಲೆಗೆ ಸಿಕ್ಕ ಉಪಾಯ, ಪೆಟ್ರೋಲಿಗೆ ಸೀಸ ಬೆರೆಸೋದು. 1923ರಿಂದ ಅದು ಮಾರಾಟಕ್ಕೂ ಬಂತು. ಎಂಜಿನ್‌ಗಳ ಕಂಪ್ರೆಷನ್ ಏರ್ತಾ ಹೋಯ್ತು, ಜೊತೆಗೆ ಗಾಳಿಯಲ್ಲಿ ಸೀಸದ ವಿಷವೂ ಏರಿತು. ನಮ್ಮ ದೇಶದಲ್ಲಿ ಅದು ಪೂರ್ತಿ ನಿಂತಿದ್ದು 2000ದಲ್ಲಿ.

ಅಂದ್ರೆ ಗೇಜಿನ ಸಂಖ್ಯೆಯನ್ನ ಆ ಕಾರಿನ ಕಾಲದ ಜೊತೆ ಹೋಲಿಸಬೇಕು, ನಿಮ್ಮ ಪಾರ್ಕಿಂಗ್‌ನಲ್ಲಿರೋ ಕಾರಿನ ಜೊತೆ ಅಲ್ಲ. ಇನ್ನೊಂದು, ಊರಿನ ಎತ್ತರ. ಅಹಮದಾಬಾದ್ ಸಮುದ್ರಮಟ್ಟದಿಂದ ಸುಮಾರು 50 ಮೀಟರ್, ಬೆಂಗಳೂರು 900 ಮೀಟರಿಗೂ ಮೇಲೆ. ಮೇಲೆ ಹೋದಷ್ಟೂ ಗಾಳಿ ತೆಳು. ಇಲ್ಲಿ 60 ತೋರಿಸಿದ ಎಂಜಿನ್ ಬೆಂಗಳೂರಲ್ಲಿ 54 ತೋರಿಸಿದರೆ ಅದು ರೋಗ ಅಲ್ಲ.

ಹಾಗಾದ್ರೆ ರೋಗ ಹಿಡಿಯೋದು ಹೇಗೆ? ಎಂಜಿನ್ ಬಿಸಿ ಮಾಡಿ, ಇಗ್ನಿಷನ್ ಕಳಚಿ, ಎಲ್ಲಾ ಪ್ಲಗ್ ಬಿಚ್ಚಿ, ಥ್ರಾಟಲ್ ಪೂರ್ತಿ ತೆಗೆದು, ಪ್ರತಿ ಸಿಲಿಂಡರನ್ನೂ ಒಂದೇ ಸಮ ತಿರುಗಿಸಿ ಅಳೀಬೇಕು. ನಾಲ್ಕೂ 58, 60, 57, 59 ಅಂತ ಹತ್ತಿರ ಹತ್ತಿರ ಇದ್ದರೆ ನೆಮ್ಮದಿ. ಒಂದು ಮಾತ್ರ 30 ಇದ್ರೆ, ಅದಕ್ಕೆ ಒಂದು ಟೀ ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೀರಿ. ಅದಕ್ಕಿಂತ ಜಾಸ್ತಿ ಬೇಡ, ಎಣ್ಣೆಯೇ ಜಾಗ ತುಂಬಿ ರೀಡಿಂಗ್ ಸುಳ್ಳಾಗುತ್ತೆ. ಸಂಖ್ಯೆ ಏರಿದರೆ ರಿಂಗ್ ಅಥವಾ ಬೋರ್ ಸವೆದಿದೆ. ಏರದಿದ್ದರೆ ವಾಲ್ವ್ ಕಡೆ ಅನುಮಾನ ಪಡಿ. ಅಕ್ಕಪಕ್ಕದ ಎರಡೂ ಒಟ್ಟಿಗೆ ಕಮ್ಮಿ ಇದ್ರೆ ಹೆಡ್ ಗ್ಯಾಸ್ಕೆಟ್ ನೋಡಿ.

ವರ್ಷಗಟ್ಟಲೆ ಷೆಡ್‌ನಲ್ಲಿ ನಿಂತ ಗಾಡಿಯಲ್ಲಿ ಎಷ್ಟೋ ಸಲ ವಾಲ್ವ್ ಅಂಟಿಕೊಂಡಿರುತ್ತೆ, ಅಷ್ಟೇ. ಅದಕ್ಕೆ ಎಣ್ಣೆ, ತಾಳ್ಮೆ ಸಾಕಾಗಬಹುದು. ನಾವು ಸರ್ವರ್ ಸ್ಲೋ ಆದ್ರೆ ಲಾಗ್ ನೋಡದೇ ಕೋಡ್ ಮುಟ್ಟಲ್ಲ ಅಲ್ವಾ? ಇಲ್ಲಿ ಇನ್ನೂ ಎಚ್ಚರ ಬೇಕು, ಯಾಕಂದ್ರೆ ಇಲ್ಲಿ ರೋಲ್‌ಬ್ಯಾಕ್ ಇಲ್ಲ. ಪ್ರತಿ ಸಲ ಬೋರ್ ಮಾಡಿದಾಗಲೂ ಮೂಲ ಬ್ಲಾಕಿನ ಕಬ್ಬಿಣ ಒಂದಿಷ್ಟು ಹೋಗುತ್ತೆ. ಆ ಬ್ಲಾಕನ್ನ ಈಗ ಎರಕ ಹೊಯ್ಯೋರು ಸಿಗೋದು ಅಪರೂಪ.

ನಿಮ್ಮೂರ ಮನೆಯಲ್ಲಿ ಅಜ್ಜನ ಕಾಲದ ಕಾರು ನಿಂತಿದ್ರೆ, ಮೆಕ್ಯಾನಿಕ್ ಎಂಜಿನ್ ಇಳಿಸೋ ಮೊದಲು ಎಲ್ಲಾ ಸಿಲಿಂಡರಿನ ರೀಡಿಂಗೂ ಬರೆದು ಕೊಡಿ ಅಂತ ಕೇಳಿ.