ಗೇಣಿಗಿಂತ ಚಿಕ್ಕ ಬೋರ್ಡು

ಹೋದ ಬೇಸಿಗೇಲಿ ಮೊಳಕಾಲ್ಮೂರಿನ ನಮ್ಮ ತವರ ಮನೇಲಿ ಕಂಪ್ಯೂಟ್ರು ಸತ್ತೋಯ್ತು ಕಣ್ರೇ. ಫ್ಯಾನಿಗೆ ರೇಷ್ಮೆ ಧೂಳು ಮೆತ್ತಿ, ಒಳಗೆಲ್ಲಾ ಕಾದು, ಅಣ್ಣ ಕೂಡಿಟ್ಟಿದ್ದ ಸೀರೆ ಡಿಸೈನೆಲ್ಲಾ ಹೋದ್ವು. ಅಪ್ಪನ ಕಾಲದ ಜಕಾರ್ಡ್ ರಟ್ಟುಗಳು ಮಾತ್ರ ಅಟ್ಟದ ಮೇಲೆ ಹಂಗೇ ಅವೆ. ತೂತಿನ ರಟ್ಟಿನಿಂದ ಹೂ ನೇಯೋ ಆ ಮಗ್ಗ ಫ್ರಾನ್ಸಿನ ಜಕಾರ್ಡ್ 1804ರಲ್ಲಿ ಮಾಡಿದ್ದು. ತೂತಿನ ರಟ್ಟು ಆಮೇಲೆ ಕಂಪ್ಯೂಟ್ರಿಗೂ ಬಂತು.

ಈಗ ಚಳ್ಳಕೆರೇಲಿ ನನ್ನ ಮಗ ಅವರ ಮಾವನಿಗೆ ಮನೆ ಸರ್ವರ್ ಕಟ್ಟಾಕೆ ಬೋರ್ಡು ಹುಡುಕ್ತಾವ್ನೆ. 1995ರ ಎಟಿಎಕ್ಸ್ ಬೋರ್ಡು 30 ಸೆಂ.ಮೀ. ಉದ್ದ. 2001ರಲ್ಲಿ ತೈವಾನಿನ ವಯಾ ಕಂಪನಿ ಮಿನಿ ಐಟಿಎಕ್ಸ್ ಅಂತ 17 ಸೆಂ.ಮೀ. ಚೌಕಕ್ಕೆ ಇಳಿಸ್ತು, ಗೋಡೆ ಗೂಡಲ್ಲಿ ಹಿಡಿಸ್ತದೆ. ಫ್ಯಾನಿಲ್ಲದ್ದೇ ಆಗ್ಬೇಕು, ಎರಡು ಡಿಸ್ಕು ಹಾಕೋ ಹಂಗಿರ್ಬೇಕು ಅಂತ ನಾನೇ ಪಟ್ಟು ಹಿಡಿದೆ. ಅಣ್ಣ ರಟ್ಟಿನ ತೂತು ಎಣಿಸ್ಕೊಂಡು ಹಳೇ ಡಿಸೈನು ಮತ್ತೆ ಬರೀತಾ ಕುಂತವ್ನೆ.