ಸಾಯದ ಕೊಂಡಿಗೆ ಶ್ರಾದ್ಧ

ಮತದಾರರ ಪಟ್ಟಿ ಪರಿಷ್ಕರಣೆಯಾದಾಗೆಲ್ಲ ಪೇಪರಿನಲ್ಲಿ ಒಂದು ಸುದ್ದಿ ಬಂದೇ ಬರುತ್ತದೆ. ಗಟ್ಟಿಮುಟ್ಟಾಗಿ ಓಡಾಡಿಕೊಂಡಿರುವ ಅಜ್ಜ, ಪಟ್ಟಿಯಲ್ಲಿ ಮಾತ್ರ 'ಮೃತ'. ಅಂತರ್ಜಾಲದ ಕೊಂಡಿಗಳಿಗೂ ಇಂಥ ಗ್ರಹಚಾರ ಇದೆ ಮಾರಾಯ್ರೆ. ನಾನು ಒಂದು ಸಣ್ಣ ಕನ್ನಡ ಸಂಘದ ಜಾಲತಾಣದಲ್ಲಿ ಕೊಂಡಿಗಳ ಪುಟ ನೋಡಿಕೊಳ್ಳುತ್ತೇನೆ. ಹಳೆಯ ಲೇಖನಗಳು, ನಿಘಂಟುಗಳು, ಯಾರೋ ಪುಣ್ಯಾತ್ಮರು ಕೂತು ಟೈಪಿಸಿ ಹಾಕಿದ ವಚನಗಳು, ಹೀಗೆ. ಆಗಾಗ ಕೊಂಡಿ ಪರೀಕ್ಷಿಸುವ ತಂತ್ರಾಂಶ ಓಡಿಸಿದರೆ ವರದಿಯ ತುಂಬಾ ಕೆಂಪು. ಅದೇ ಕೊಂಡಿಗಳನ್ನು ಬ್ರೌಸರಿನಲ್ಲಿ ಒತ್ತಿದರೆ ಎಷ್ಟೋ ಪುಟಗಳು ಸಲೀಸಾಗಿ ತೆರೆದುಕೊಳ್ಳುತ್ತವೆ! "ಕೆಂಪಿರೋದನ್ನೆಲ್ಲ ತೆಗೆದುಬಿಡಿ ಸಾರ್" ಅನ್ನುವುದು ಸಂಘದವರ ಸಲಹೆ. ತೆಗೆಯುವುದೇನೋ ಸುಲಭ. ಆದರೆ ಇಂಥ ಕನ್ನಡ ಪುಟಗಳಿಗೆ ಇಡೀ ಜಾಲದಲ್ಲಿ ಇರುವುದೇ ಒಂದೆರಡು ದಾರಿ. ಅದನ್ನೂ ಮುಚ್ಚಿದರೆ ಪುಟ ಇದ್ದೂ ಇಲ್ಲದ ಹಾಗೆ.

ಈ ಸುಳ್ಳು ವರದಿ ಎಲ್ಲಿಂದ ಶುರುವಾಯಿತು ಎಂದು ಹುಡುಕುತ್ತಾ ಹೋದರೆ ಜಾಲದ ಹುಟ್ಟಿಗೇ ಹೋಗಿ ನಿಲ್ಲಬೇಕಾಯಿತು. 'ಹೈಪರ್‌ಟೆಕ್ಸ್ಟ್' ಎಂಬ ಪದ ಟಂಕಿಸಿದ ಟೆಡ್ ನೆಲ್ಸನ್ 1960ರ ದಶಕದಲ್ಲಿ ಕನಸು ಕಂಡಿದ್ದು ಎರಡೂ ಕಡೆ ಬಿಗಿದ ಕೊಂಡಿಯದ್ದು. ಆ ತುದಿಯಲ್ಲೇನಿದೆ ಎಂದು ಈ ತುದಿಗೂ, ಈ ತುದಿಯಲ್ಲಿ ಯಾರಿದ್ದಾರೆ ಎಂದು ಆ ತುದಿಗೂ ಗೊತ್ತಿರಬೇಕು. ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಕಟ್ಟಿದ ಜಾಲದಲ್ಲಿ ಕೊಂಡಿ ಒಂದೇ ಕಡೆಯದ್ದು. ಯಾರು ಯಾರಿಗೆ ಬೇಕಾದರೂ ಕೊಂಡಿ ಹಾಕಬಹುದು, ಅಪ್ಪಣೆ ಬೇಕಿಲ್ಲ. ಆ ಕಡೆಯ ಪುಟ ಎದ್ದುಹೋದರೆ ಈ ಕಡೆಯವರಿಗೆ ತಿಳಿಯುವುದಿಲ್ಲ, ಅಷ್ಟೆ. 1991ರ ಡಿಸೆಂಬರಿನಲ್ಲಿ ಅಮೆರಿಕದ ಸ್ಯಾನ್ ಆಂಟೋನಿಯೋದಲ್ಲಿ ನಡೆದ ಹೈಪರ್‌ಟೆಕ್ಸ್ಟ್ ಸಮ್ಮೇಳನದವರು ಅವರ ಪ್ರಬಂಧವನ್ನು ತಿರಸ್ಕರಿಸಿ, ಬರೀ ಪ್ರಾತ್ಯಕ್ಷಿಕೆಗೆ ಜಾಗ ಕೊಟ್ಟಿದ್ದರು. ನನ್ನ ಪ್ರಕಾರ ಜಾಲ ಈ ಪರಿ ಬೆಳೆದಿದ್ದೇ ಆ ಅರೆಬರೆ ಕೊಂಡಿಯಿಂದ.

ಇನ್ನೊಂದು ಮಜಾ ಕೇಳಿ. ಎಚ್‌ಟಿಟಿಪಿಯ ಮೊಟ್ಟಮೊದಲ ರೂಪದಲ್ಲಿ 404 ಅನ್ನುವುದೇ ಇರಲಿಲ್ಲ, ಯಾವ ಸಂಖ್ಯೆಯೂ ಇರಲಿಲ್ಲ. ತಪ್ಪಾದರೆ 'ಸಿಗಲಿಲ್ಲ' ಎಂದು ಬರೆದ ಒಂದು ಪುಟವನ್ನೇ ಕಳಿಸುತ್ತಿದ್ದರು. ಓದಿದ ಮನುಷ್ಯನಿಗೆ ಅರ್ಥವಾದೀತು, ಯಂತ್ರಕ್ಕೆ ಹೇಗೆ? ಸಂಖ್ಯೆಗಳು ಬಂದಿದ್ದು ಆಮೇಲೆ. 1996ರ ಮೇ ತಿಂಗಳಿನಲ್ಲಿ ಎಚ್‌ಟಿಟಿಪಿ 1.0 ದಾಖಲೆಯಾಗಿ ಹೊರಬರುವ ಹೊತ್ತಿಗೆ ಅವು ಬಳಕೆಯಲ್ಲಿದ್ದವು. (ಸರ್ನ್‌ನಲ್ಲಿ 404ನೇ ನಂಬರಿನ ಕೋಣೆಯೊಂದಿತ್ತು, ಅದರಿಂದಲೇ ಈ ಹೆಸರು ಎಂಬ ಕತೆ ನಿಮಗೂ ಈಮೇಲಿನಲ್ಲಿ ಬಂದಿರಬಹುದು. ಕಟ್ಟುಕತೆ. ಬರ್ನರ್ಸ್-ಲೀ ಜೊತೆಗಾರ ರಾಬರ್ಟ್ ಕೈಯೋ ಅದನ್ನು ತಳ್ಳಿಹಾಕಿದ್ದಾರೆ.)

ಕೊಂಡಿ ಪರೀಕ್ಷಕರ ಹಿರಿಯಜ್ಜ ಎನ್ನಬಹುದಾದದ್ದು 'ಮಾಮ್‌ಸ್ಪೈಡರ್'. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್‌ನಲ್ಲಿದ್ದ ರಾಯ್ ಫೀಲ್ಡಿಂಗ್ ಪರ್ಲ್ ಭಾಷೆಯಲ್ಲಿ ಬರೆದದ್ದು. 1994ರ ಮೇನಲ್ಲಿ ಜಿನೀವಾದ ಮೊದಲ ಜಾಲ ಸಮ್ಮೇಳನದಲ್ಲಿ ಅದನ್ನು ಮಂಡಿಸಿದರು. ಆಗಿನ ಜಾಲದ ವೇಗ ಗೊತ್ತಲ್ಲ? ಕೊಂಡಿ ಬದುಕಿದೆಯೋ ಇಲ್ಲವೋ ನೋಡಲು ಇಡೀ ಪುಟ ಎಳೆದು ತರುವುದು ಅನ್ಯಾಯ. ಅದಕ್ಕೆ 'ಹೆಡ್' ಎಂಬ ವಿನಂತಿ: ಪುಟದ ಒಡಲು ಬೇಡ, ತಲೆಬರಹದ ಮಾಹಿತಿ ಮಾತ್ರ ಕೊಡು ಎಂದು ಕೇಳುವುದು. ಬಾಗಿಲಲ್ಲೇ ನಿಂತು "ಮನೇಲಿದ್ದೀರಾ?" ಅಂದ ಹಾಗೆ.

ಸಭ್ಯ ಕ್ರಮವೇ. ಆದರೆ ಸುಳ್ಳು ವರದಿಗಳ ದೊಡ್ಡ ಬುಗ್ಗೆ ಇರುವುದೂ ಇಲ್ಲೇ. ಬ್ರೌಸರು ಪುಟ ತೆರೆಯುವಾಗ ಕೇಳುವುದು 'ಗೆಟ್'. ಜಾಲತಾಣ ಕಟ್ಟುವವರು ಪರೀಕ್ಷಿಸುವುದೂ ಬ್ರೌಸರಿನಲ್ಲೇ. ಹಾಗಾಗಿ ಹೆಡ್‌ಗೆ ಏನು ಉತ್ತರ ಹೋಗುತ್ತಿದೆ ಎಂದು ಬಹುಪಾಲು ಜನ ನೋಡುವುದೇ ಇಲ್ಲ. ಸಾಮಾನ್ಯ ಸರ್ವರುಗಳು ಎರಡಕ್ಕೂ ಉತ್ತರಿಸಲೇಬೇಕು ಎಂದು 1999ರ ಎಚ್‌ಟಿಟಿಪಿ ದಾಖಲೆಯೂ ಹೇಳಿದೆ, 2022ರದ್ದೂ ಹೇಳಿದೆ. ಹೇಳಿದ್ದನ್ನು ಕೇಳುವವರ್ಯಾರು? ಹೆಡ್‌ಗೆ 405, 501, ಕೆಲವೊಮ್ಮೆ 404 ಕೂಡ! ಗೆಟ್ ಎಂದು ಕೇಳಿದರೆ ಪುಟ ಹಾಜರ್.

ಎರಡನೆಯದು ಕಾವಲುಗಾರರದ್ದು. ಅದೇ 1994ರಲ್ಲಿ ಮಾರ್ಟಿನ್ ಕಾಸ್ಟರ್ ಯಂತ್ರಗಳಿಗೊಂದು 'ಒಳಗೆ ಬರಬೇಡಿ' ಫಲಕ ರೂಪಿಸಿದರು, ರೋಬಾಟ್ಸ್ ಕಡತ. ಡಬ್ಲ್ಯೂ3ಸಿಯ ಕೊಂಡಿ ಪರೀಕ್ಷಕ ಆ ಫಲಕಕ್ಕೆ ಮರ್ಯಾದೆ ಕೊಟ್ಟು ಹಿಂದಿರುಗುತ್ತದೆ, ವರದಿಯಲ್ಲಿ ಹಾಗೆಂದೇ ಬರೆಯುತ್ತದೆ. ಅವಸರದಲ್ಲಿ ಓದುವವರು ಅದನ್ನೂ ಮುರಿದದ್ದರ ಲೆಕ್ಕಕ್ಕೆ ಸೇರಿಸಿಬಿಡುತ್ತಾರೆ. ಸ್ಪ್ಯಾಮಿನವರ ಕಾಟ ಹೆಚ್ಚಿದ ಮೇಲೆ ಫಲಕ ಸಾಲದೆ ಬಾಗಿಲಲ್ಲಿ ಆಳು ನಿಂತ. ಬಂದವನ ಹೆಸರು ನೋಡಿ 403, ಪದೇ ಪದೇ ಬಂದರೆ 429 (ಈ ಸಂಖ್ಯೆ ಹುಟ್ಟಿದ್ದು 2012ರಲ್ಲಿ). ಯಾವ ದಾಖಲೆಯಲ್ಲೂ ಇಲ್ಲದ 999 ಎಂಬ ಉತ್ತರ ಕೊಡುವ ಮಹನೀಯರೂ ಇದ್ದಾರೆ. ಇತ್ತೀಚಿನ ವರ್ಷಗಳಲ್ಲಿ ಕೃತಕ ಬುದ್ಧಿಮತ್ತೆಗೆಂದು ಪುಟಗಳನ್ನು ಬಾಚುವ ಯಂತ್ರಗಳ ಹಾವಳಿಯಿಂದ ಬಾಗಿಲುಗಳು ಇನ್ನೂ ಬಿಗಿಯಾಗಿವೆ. ಪಾಪದ ಪರೀಕ್ಷಕನಿಗೂ ಅದೇ ಏಟು.

2021ರ ಸೆಪ್ಟೆಂಬರ್ 30ರಂದು ಇನ್ನೊಂದು ಬಗೆ. ಲೆಟ್ಸ್ ಎನ್‌ಕ್ರಿಪ್ಟ್ ಪ್ರಮಾಣಪತ್ರಗಳಿಗೆ ಆಧಾರವಾಗಿದ್ದ ಹಳೆಯ ಮೂಲಪತ್ರವೊಂದರ ಅವಧಿ ಮುಗಿಯಿತು. ಹೊಸ ಬ್ರೌಸರುಗಳಿಗೆ ಏನೂ ಆಗಲಿಲ್ಲ. ಹಳೆಯ ಓಪನ್‌ಎಸ್‌ಎಸ್‌ಎಲ್ ಮೇಲೆ ಕೂತಿದ್ದ ತಂತ್ರಾಂಶಗಳಿಗೆ ರಾತ್ರೋರಾತ್ರಿ ಅಷ್ಟೂ ತಾಣಗಳು ಕೆಟ್ಟವು.

ಕನ್ನಡದವರಿಗೆ ಮಾತ್ರ ಗೊತ್ತಾಗುವ ತಂಟೆಯೂ ಒಂದಿದೆ. ಯೂನಿಕೋಡಿನ ಒಂದು ಕನ್ನಡ ಸಂಕೇತಕ್ಕೆ ಯುಟಿಎಫ್-8ರಲ್ಲಿ ಮೂರು ಬೈಟು, ವಿಳಾಸದಲ್ಲಿ ಶೇಕಡಾ ಚಿಹ್ನೆಯೊಂದಿಗೆ ಬರೆದರೆ ಒಂಬತ್ತು ಅಕ್ಷರ. ಪುಟ್ಟ ಶೀರ್ಷಿಕೆಯೂ ರೈಲಿನಷ್ಟು ಉದ್ದ. ಈಮೇಲಿನಲ್ಲಿ ಮುರಿದು ಎರಡು ಸಾಲಾದರೆ ಕೊಂಡಿಯೂ ಎರಡು ತುಂಡು. ಅದಕ್ಕಿಂತ ಸೂಕ್ಷ್ಮ 'ರಾಜ್‌ಕುಮಾರ್' ಎಂದು ಬರೆಯುವಾಗ ಜ್ ಮತ್ತು ಕು ಒತ್ತಾಗದಂತೆ ನಡುವೆ ಕೂರುವ, ಕಣ್ಣಿಗೆ ಕಾಣದ ಸಂಕೇತ. ವಿಳಾಸದಲ್ಲಿ ಅದೂ ಒಂದು ಅಕ್ಷರವೇ. ನಡುವಿನ ಯಾವುದೋ ತಂತ್ರಾಂಶ ಅದನ್ನು ಕಸವೆಂದು ಕಿತ್ತುಹಾಕಿದರೆ ಸರ್ವರಿಗೆ ಅದು ಬೇರೆಯೇ ವಿಳಾಸ. ಇಂಥದ್ದಕ್ಕೆ 404 ಬಂದರೂ ಪುಟ ಅಲ್ಲೇ ಇರುತ್ತದೆ, ಆ ಸಂಕೇತ ಮತ್ತೆ ಸೇರಿಸಿದರೆ ಸಿಗುತ್ತದೆ.

ಉಲ್ಟಾ ಸುಳ್ಳೂ ಇದೆ ಅನ್ನಿ. ಪುಟ ಸತ್ತಿದೆ, ಸರ್ವರು ಮಾತ್ರ 200 ಎಂದು ನಗುತ್ತದೆ. 2004ರಲ್ಲಿ ಸಂಶೋಧಕರು ಇದನ್ನು 'ಸಾಫ್ಟ್ 404' ಎಂದು ಕರೆದು ಪತ್ತೆಮಾಡುವ ವಿಧಾನ ಬರೆದರು. ಸಂಖ್ಯೆಗಳಿಲ್ಲದ ಮೊದಲ ಎಚ್‌ಟಿಟಿಪಿಯ ಕಾಲಕ್ಕೇ ಹೋದ ಹಾಗಾಯಿತು.

ಈಗ ನಾನು ಮಾಡುವುದು ಇಷ್ಟು. ಹೆಡ್ ಸೋತರೆ ಗೆಟ್. ಒಂದೇ ತಾಣಕ್ಕೆ ಕೊಂಡಿ ಹಲವಿದ್ದರೆ ನಡುವೆ ಬಿಡುವು. 404 ಮತ್ತು 410 ಬಿಟ್ಟು ಮಿಕ್ಕಿದ್ದನ್ನು 'ಮುರಿದದ್ದು' ಎನ್ನದೆ, 'ಉತ್ತರ ಸಿಗಲಿಲ್ಲ' ಎಂಬ ಬೇರೆ ಕಲಮಿನಲ್ಲಿ ತಾರೀಖಿನ ಸಮೇತ ಬರೆಯುತ್ತೇನೆ. ವಿಕಿಪೀಡಿಯಾದ ಕೊಂಡಿ ರಿಪೇರಿ ಮಾಡುವ ಬಾಟ್ ಕೂಡ ಒಂದೇ ಪರೀಕ್ಷೆ ನಂಬುವುದಿಲ್ಲ, ದಿನಗಳ ಅಂತರ ಬಿಟ್ಟು ಮತ್ತೆ ನೋಡುತ್ತದೆ. ನಿಜವಾಗಿ ಹೋದದ್ದಕ್ಕೆ, 2009ರಲ್ಲಿ ಜಿಯೋಸಿಟೀಸ್ ಜೊತೆ ಮುಳುಗಿದಂಥವಕ್ಕೆ, ಇಂಟರ್ನೆಟ್ ಆರ್ಕೈವ್‌ನಲ್ಲಿ ಪ್ರತಿ ಸಿಕ್ಕರೆ ಅದರ ಕೊಂಡಿ ಹಾಕುತ್ತೇನೆ. ಕಲಮಿನಲ್ಲಿ ಉಳಿದವನ್ನು ಮುಂದಿನ ಸಲ ಕೈಯಾರೆ ಒಂದೊಂದಾಗಿ ಒತ್ತಿ ನೋಡುವುದು. ಹೊತ್ತು ಹಿಡಿಯುತ್ತದೆ, ಆದರೆ ಒತ್ತಿ ನೋಡಿದಾಗೆಲ್ಲ ಒಂದಾದರೂ ಹಳೆಯ ಲೇಖನ ಮತ್ತೆ ಓದಲು ಸಿಗುತ್ತದೆ.